ಬರ್ತಾ ಇಟ್ಟ ಹೆಸರು

ಅಮೆರಿಕದ ಬಾಸ್ಟನ್ ನಗರದ ಸ್ಟುವರ್ಟ್ ಬೀದಿಯಲ್ಲಿ, 154ನೇ ನಂಬರಿನ ಕಟ್ಟಡದಲ್ಲಿ ಒಂದು ಖಾಸಗಿ ಕಾನೂನು ಕಾಲೇಜಿದೆ. ‘ನ್ಯೂ ಇಂಗ್ಲೆಂಡ್ ಲಾ’ ಎಂದು ಅದರ ಹೆಸರು. ಬರೀ ಒಂದು ಸೀಮೆಯ ಹೆಸರು ಅದು. ಅರವತ್ತು ವರ್ಷ ಈ ಕಾಲೇಜಿಗೆ ಬೇರೆಯೇ ಹೆಸರಿತ್ತು: ಪೋರ್ಷಿಯಾ. ಆ ಹೆಸರು ಹೇಗೆ ಬಂತು ಎಂದು ಓದಿದ ದಿನದಿಂದ, ಅದನ್ನು ಯಾಕಾದರೂ ಕೈಬಿಟ್ಟರೋ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

1908ರ ಮಾತು. ಆರ್ಥರ್ ಮೆಕ್ಲೇನ್ ಎಂಬ ವಕೀಲರ ಹತ್ತಿರ ಇಬ್ಬರು ಹೆಂಗಸರು ಬಂದರು. ವಕೀಲಿ ಸನ್ನದಿನ ಪರೀಕ್ಷೆಗೆ ಕೂರಬೇಕೆಂದಿದ್ದೇವೆ, ಪಾಠ ಹೇಳಿಕೊಡಿ ಎಂದು ಕೇಳಿದರು. ಪರೀಕ್ಷೆಗೆ ಕೂರಲು ಅವರಿಗೆ ಕಾನೂನಿನ ಅಡ್ಡಿಯೇನೂ ಇರಲಿಲ್ಲ. ಆ ಅಡ್ಡಿ ತೊಲಗಿ ಆಗಲೇ ಕಾಲು ಶತಮಾನವಾಗಿತ್ತು. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ಮುಗಿಸಿದ ಲೀಲಿಯಾ ರಾಬಿನ್ಸನ್ 1881ರಲ್ಲಿ ಸನ್ನದು ಕೇಳಿದಾಗ ಮ್ಯಾಸಚೂಸೆಟ್ಸ್‌ನ ಸರ್ವೋಚ್ಚ ನ್ಯಾಯಾಲಯ ಕೊಡಲೊಪ್ಪಲಿಲ್ಲ. ಆಕೆ ಸುಮ್ಮನಾಗದೆ ಶಾಸನಸಭೆಯ ಮೆಟ್ಟಿಲು ಹತ್ತಿದರು. ಮರುವರ್ಷವೇ ಕಾನೂನು ಬದಲಾಯಿತು.

ತೊಡಕಿದ್ದದ್ದು ಓದುವ ಜಾಗದಲ್ಲಿ. ನದಿಯಾಚೆಯ ಹಾರ್ವರ್ಡ್‌ನ ಕಾನೂನು ಶಾಲೆ ಹೆಂಗಸರನ್ನು ಸೇರಿಸಿಕೊಂಡದ್ದು 1950ರಲ್ಲಿ. ಗ್ಲೀಸನ್ ಆರ್ಚರ್ 1906ರಲ್ಲಿ ತಮ್ಮ ಮನೆಯಲ್ಲೇ ಸಂಜೆ ತರಗತಿ ನಡೆಸಿ ಶುರುಮಾಡಿದ ಸಫಕ್ ಕಾನೂನು ಶಾಲೆ ದುಡಿಯುವವರಿಗಾಗಿಯೇ ಹುಟ್ಟಿದ್ದು, ಆದರೆ ಗಂಡಸರಿಗೆ ಮಾತ್ರ. ಹಗಲೆಲ್ಲ ದುಡಿದು ಸಂಜೆ ಪುಸ್ತಕ ಹಿಡಿಯಬೇಕಾದ ಹೆಣ್ಣಿಗೆ ಆ ಊರಲ್ಲಿ ಜಾಗವಿರಲಿಲ್ಲ.

ಮೆಕ್ಲೇನ್ ಒಪ್ಪಿಕೊಂಡರು. ಇಬ್ಬರ ಹಿಂದೆ ಇನ್ನಷ್ಟು ಮಂದಿ ಬಂದರು, ಪಾಠ ಶಾಲೆಯಾಯಿತು. ಶಾಲೆಗೆ ಹೆಸರು ಸೂಚಿಸಿದವರು ಅವರ ಪತ್ನಿ ಬರ್ತಾ. ಷೇಕ್ಸ್‌ಪಿಯರನ ‘ವೆನಿಸ್ಸಿನ ವ್ಯಾಪಾರಿ’ಯನ್ನು ಪಠ್ಯವಾಗಿ ಓದಿದ ನಮ್ಮ ತಲೆಮಾರಿಗೆ ಪೋರ್ಷಿಯಾ ಗೊತ್ತು. ಸಾಲ ತೀರಿಸದ ಆಂಟೋನಿಯೋನ ಎದೆಯಿಂದ ಒಂದು ಪೌಂಡ್ ಮಾಂಸ ಕೊಯ್ಯಲು ಶೈಲಾಕ್ ಕತ್ತಿ ಮಸೆಯುತ್ತಿರುತ್ತಾನೆ, ತಕ್ಕಡಿಯನ್ನೂ ತಂದಿರುತ್ತಾನೆ. ಆಗ ಅವಳು ಕರಾರು ಪತ್ರವನ್ನು ಇನ್ನೊಮ್ಮೆ ನೋಡಿ, ಮಾಂಸ ಎಂದಷ್ಟೇ ಬರೆದಿದೆ, ರಕ್ತದ ಮಾತಿಲ್ಲ ಎನ್ನುತ್ತಾಳೆ. ಅಷ್ಟೆಲ್ಲ ವಾದಿಸಿದ್ದು ಗಂಡಸಿನ ವೇಷದಲ್ಲಿ, ಬಾಲ್ತಸಾರ್ ಎಂಬ ಸುಳ್ಳು ಹೆಸರಿನಲ್ಲಿ. ಬರ್ತಾ ಆ ಸುಳ್ಳು ಹೆಸರನ್ನು ಬಿಟ್ಟು ಅವಳ ನಿಜ ಹೆಸರನ್ನು ಆರಿಸಿಕೊಂಡರಲ್ಲ, ಆ ಆಯ್ಕೆಯೇ ನನಗೆ ಬಲು ಇಷ್ಟ.

ಹೆಂಗಸರಿಗೆಂದೇ ಹುಟ್ಟಿದ ಕಾನೂನು ಕಾಲೇಜು ಅದು. ಬಂದು ಸೇರಿದವರಲ್ಲಿ ಕಚೇರಿಗಳ ಟೈಪಿಸ್ಟುಗಳು, ಗುಮಾಸ್ತೆಯರು, ವಲಸೆ ಬಂದವರ ಮನೆಯ ಹೆಣ್ಣುಮಕ್ಕಳು ಇದ್ದರು. ಪದವಿ ಇಲ್ಲದವರನ್ನೂ ಸೇರಿಸಿಕೊಳ್ಳುತ್ತಿದ್ದರು. 1915ರಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕ ಜೋಸೆಫ್ ಬೀಲ್ ಮತ್ತು ಅವರ ಸಂಗಡಿಗರು ಪದವೀಧರೆಯರಿಗಾಗಿ ‘ಕೇಂಬ್ರಿಜ್ ಲಾ ಸ್ಕೂಲ್ ಫಾರ್ ವಿಮೆನ್’ ಎಂಬ ಮತ್ತೊಂದು ಕಾಲೇಜು ತೆರೆದರು. ವಿದ್ವಾಂಸರ ಬೆಂಬಲವಿದ್ದ ಆ ಕಾಲೇಜು ಎರಡೇ ವರ್ಷಕ್ಕೆ ಮುಚ್ಚಿತು. ಪೋರ್ಷಿಯಾ ಬೆಳೆಯಿತು, 1919ರಲ್ಲಿ ಎಲ್‌ಎಲ್‌ಬಿ ಪದವಿ ಕೊಡುವ ಅಧಿಕಾರವೂ ಸಿಕ್ಕಿತು. ಹಗಲು ನೌಕರಿ ಮಾಡಿ ಸಂಜೆ ಕಾಲೇಜಿನಲ್ಲಿ ಕಾನೂನು ಓದಿದವರು ನಮ್ಮ ಊರುಗಳಲ್ಲೂ ಎಷ್ಟೋ ಮಂದಿ ಇದ್ದಾರೆ. ಆ ಹಟ ಎಂಥದ್ದು ಎಂದು ಅವರನ್ನು ಕೇಳಬೇಕು.

1921ರಲ್ಲಿ ಇಲ್ಲಿಂದ ಪದವಿ ಪಡೆದವರು ಬ್ಲಾಂಚ್ ವುಡ್ಸನ್ ಬ್ರಾಕ್ಸ್‌ಟನ್. 1923ರಲ್ಲಿ ಅವರಿಗೆ ಸನ್ನದು ಸಿಕ್ಕಿತು. ಮ್ಯಾಸಚೂಸೆಟ್ಸ್‌ನಲ್ಲಿ ವಕೀಲೆಯಾದ ಮೊದಲ ಕಪ್ಪು ಮಹಿಳೆ ಆಕೆ. ನಮ್ಮ ದೇಶದಲ್ಲಿ ರೆಜಿನಾ ಗುಹಾ ಕಲ್ಕತ್ತೆಯ ಹೈಕೋರ್ಟಿನಿಂದ, ಸುಧಾಂಶುಬಾಲಾ ಹಾಜ್ರಾ ಪಾಟ್ನಾದ ಹೈಕೋರ್ಟಿನಿಂದ ‘ಇಲ್ಲ’ ಎನಿಸಿಕೊಂಡ ಮೇಲೆ, ಹೆಂಗಸರೂ ವಕೀಲಿ ಮಾಡಬಹುದೆಂಬ ಕಾಯ್ದೆ ಬಂದದ್ದೂ ಅದೇ 1923ರಲ್ಲಿ. ಸಾವಿರಾರು ಮೈಲಿ ದೂರದ ಈ ಎರಡು ದೇಶಗಳ ಹೆಣ್ಣುಮಕ್ಕಳು ಪರಸ್ಪರ ಅರಿಯದೆಯೇ ಒಂದೇ ಬಾಗಿಲು ತಟ್ಟುತ್ತಿದ್ದರು.

ಮುಂದಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. 1937ರಲ್ಲಿ ಸಫಕ್ ಹೆಂಗಸರಿಗೆ ತೆರೆಯಿತು. 1938ರಲ್ಲಿ ಪೋರ್ಷಿಯಾ ಗಂಡಸರನ್ನು ಸೇರಿಸಿಕೊಂಡಿತು. ಅದು ಸರಿಯೇ, ಅದಕ್ಕೆ ನನ್ನ ತಕರಾರಿಲ್ಲ. 1969ರಲ್ಲಿ ಅಮೆರಿಕದ ವಕೀಲರ ಸಂಘದ ಮಾನ್ಯತೆ ಸಿಕ್ಕಿತು, ಅದೇ ವರ್ಷ ಹೆಸರು ‘ನ್ಯೂ ಇಂಗ್ಲೆಂಡ್ ಸ್ಕೂಲ್ ಆಫ್ ಲಾ’ ಎಂದಾಯಿತು. ಗಂಡಸರು ಓದುವ ಕಾಲೇಜಿಗೆ ಹೆಣ್ಣಿನ ಹೆಸರಿದ್ದರೆ ಏನು ಕೊರತೆಯಾಗುತ್ತಿತ್ತು? ಗಂಡಸರ ಹೆಸರು ಹೊತ್ತ ಎಷ್ಟು ಕಾಲೇಜುಗಳಲ್ಲಿ ಹೆಣ್ಣುಮಕ್ಕಳು ಓದುತ್ತಿಲ್ಲ! ಯಾರೂ ಆ ಹೆಸರುಗಳನ್ನು ಬದಲಿಸುವ ಮಾತಾಡುವುದಿಲ್ಲ.

ಈಗ ಅಲ್ಲಿ ಪೂರ್ಣಾವಧಿಗೆ ಓದುವವರಿಗೆ ಜೆಡಿ ಎಂಬ ಕಾನೂನು ಪದವಿ ಮೂರು ವರ್ಷದ್ದು. ದುಡಿಯುತ್ತ ಓದುವವರಿಗೆ ನಾಲ್ಕು ವರ್ಷದ ಅರೆಕಾಲಿಕ ವ್ಯವಸ್ಥೆ ಇದೆ. ಬೇರೆ ದೇಶದ ವಕೀಲರಿಗೆ ಅಮೆರಿಕದ ಕಾನೂನಿನಲ್ಲಿ ಎಲ್‌ಎಲ್‌ಎಂ ಓದುವ ಅವಕಾಶವಿದೆ. ವಿದ್ಯಾರ್ಥಿಗಳು ಹಿರಿಯ ವಕೀಲರ ಉಸ್ತುವಾರಿಯಲ್ಲಿ ನಿಜವಾದ ಕಕ್ಷಿದಾರರ ಕೆಲಸ ಮಾಡಿ ಕಲಿಯುವ ‘ಕ್ಲಿನಿಕ್’ಗಳೂ ಉಂಟು. ಬರ್ತಾ ಇಟ್ಟ ಹೆಸರು ಉಳಿದಿರುವುದು ಹೆಸರು ಬದಲಾಗುವ ಮೊದಲು ಓದಿ ಹೊರಬಂದವರ ಪದವಿಪತ್ರಗಳಲ್ಲಿ. ಅವರಲ್ಲಿ ಗಂಡಸರೂ ಇದ್ದಾರೆ.