ಎತ್ತಿಗೆ ಸೋಮವಾರ, ತಾಯಿಗೆ ಯಾವ ವಾರ?

ಜೂನ್ ತಿಂಗಳು ಕಾಲಿಟ್ಟಿತೆಂದರೆ ರೋಣ, ನರಗುಂದ, ಗಜೇಂದ್ರಗಡ ಊರುಗಳ ನಮ್ಮ ಮನೆಗಳಲ್ಲಿ ಒಂದು ಬಗೆಯ ಮಂಕು ಕವಿಯುವುದನ್ನು ನಾವು ವರುಷವರುಷವೂ ಕಾಣುತ್ತ ಬಂದಿದ್ದೇವೆ. ಬೇಸಗೆಯ ಸೂಟಿಯಲ್ಲಿ ಗೋವೆಗೋ, ಮಂಗಳೂರಿಗೋ, ವೇಲಾಂಕಣ್ಣಿಗೋ ಹೋಗಿಬಂದ ಕುಟುಂಬದವರು ಮೊದಲ ರವಿವಾರ ಬಲಿಪೂಜೆಗೆ ಬಂದಾಗ ಮುಖದಲ್ಲಿ ಇನ್ನೂ ಕಳೆಯಿರುತ್ತದೆ. ಮಕ್ಕಳ ಮೈ ಬಿಸಿಲಿಗೆ ಕಂದಿದ್ದರೂ ಕಣ್ಣು ಹೊಳೆಯುತ್ತಿರುತ್ತವೆ. ಎರಡನೆಯ ರವಿವಾರದ ಹೊತ್ತಿಗೆ ಅದೇ ತಂದೆ ಪ್ರಬೋಧನೆಯ ನಡುವೆ ಗಡಿಯಾರ ನೋಡಿಕೊಳ್ಳುತ್ತಾನೆ. ಅದೇ ತಾಯಿ ಕೊನೆಯ ಆಶೀರ್ವಾದಕ್ಕೂ ಕಾಯದೆ ಒಲೆಯ ಮೇಲಿಟ್ಟು ಬಂದುದನ್ನು ನೆನೆದು ಅವಸರದಿಂದ ಹೊರಡುತ್ತಾಳೆ. ಚೀಲದ ಮೂಲೆಯಲ್ಲಿ ಸಮುದ್ರದ ಮರಳು ಉಳಿದಿರುತ್ತದೆ, ಸಮಾಧಾನ ಉಳಿದಿರುವುದಿಲ್ಲ. ಹಣ ಕೂಡಿಟ್ಟು, ಕೆಲವೊಮ್ಮೆ ಸಾಲಮಾಡಿಯೂ ಪಡೆದುಬಂದ ನೆಮ್ಮದಿ ಹದಿನೈದು ದಿನವೂ ಬಾಳದಿದ್ದರೆ ಅದು ಹೋದದ್ದಾದರೂ ಎಲ್ಲಿಗೆ?

ಇದು ನಮ್ಮ ಎರೆಸೀಮೆಯವರಿಗೆ ಮಾತ್ರ ಒದಗಿದ ಪಾಡಲ್ಲ. ನೆದರ್ಲೆಂಡ್ಸ್ ದೇಶದಲ್ಲಿ 1,530 ಮಂದಿಯನ್ನು ವಿಚಾರಿಸಿ 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವುಂಟು. ಪ್ರವಾಸ ಹೋಗಲಿದ್ದವರು ಹೋಗದವರಿಗಿಂತ ಹೆಚ್ಚು ಸಂತೋಷದಿಂದಿದ್ದರು. ಆದರೆ ಮರಳಿ ಬಂದ ಮೇಲೆ ಬಹುಪಾಲು ಜನರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಅತ್ಯಂತ ನಿರಾಳವಾಗಿ ರಜೆ ಕಳೆದವರಲ್ಲಿ ಮಾತ್ರ ಆ ಸುಖ ಕೆಲವು ವಾರ ಉಳಿದಿತ್ತು. ಮರುವರ್ಷ, 2011ರಲ್ಲಿ, ಜರ್ಮನಿಯ 131 ಶಿಕ್ಷಕರನ್ನು ಕುರಿತ ಇನ್ನೊಂದು ಅಧ್ಯಯನ ಪ್ರಕಟವಾಯಿತು. ನಮ್ಮ ಓದುಗರಲ್ಲಿ ಶಿಕ್ಷಕರು ಬಹಳವಾದ್ದರಿಂದ ಇದನ್ನು ವಿಶೇಷವಾಗಿ ಹೇಳುತ್ತಿದ್ದೇವೆ. ರಜೆಯ ಲಾಭ ಒಂದು ತಿಂಗಳೊಳಗೆ ಕರಗಿತ್ತು. ಕೆಲಸದ ಒತ್ತಡ ಹೆಚ್ಚಿದ್ದವರಲ್ಲಿ ಇನ್ನೂ ಬೇಗ. ಆದರೆ ಶಾಲೆ ಮುಗಿದ ಮೇಲಿನ ಹೊತ್ತನ್ನು ನಿಜವಾದ ವಿಶ್ರಾಂತಿಯಲ್ಲಿ ಕಳೆದವರಲ್ಲಿ ಅದು ನಿಧಾನವಾಗಿ ಕರಗಿತು. ಅಂದರೆ ರಜೆಯ ಬಾಳಿಕೆ ರಜೆಯ ಉದ್ದಕ್ಕಿಂತ ಮನೆಗೆ ಬಂದ ಮೇಲಿನ ಸಂಜೆಗಳನ್ನು ಅವಲಂಬಿಸಿದೆ.

ಹಾಗಾದರೆ ಅಲ್ಲಿ ನಮಗೆ ದೊರೆತದ್ದೇನು? ಸಮುದ್ರವೆಂದು ಹೇಳುವವರುಂಟು. ಆದರೆ ಸಮುದ್ರದ ದಂಡೆಯಲ್ಲೇ ಬಾಳುವ ಮೀನುಗಾರನಿಗೂ ಅವಸರ, ಸಾಲ, ತಲೆನೋವು ತಪ್ಪಿದ್ದಲ್ಲ. ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ದಾಟಿ ರೈಲು ಘಟ್ಟವಿಳಿಯುವಾಗ ದೂಧಸಾಗರದ ಜಲಪಾತ ಕಾಣುತ್ತಲೂ ಡಬ್ಬಿಯ ಜನರೆಲ್ಲ ಕಿಟಕಿಯತ್ತ ಧಾವಿಸುತ್ತಾರೆ. ಆ ನೋಟದಿಂದ ಯಾರಿಗೂ ಕಾಸಿನ ಲಾಭವಿಲ್ಲ. ಯಾರೂ ಅದನ್ನು ಬೇಗ ಮುಗಿಸಬೇಕೆಂದು ಎಣಿಸುವುದಿಲ್ಲ. ಪ್ರಯೋಜನವನ್ನು ಕೇಳದೆ ಒಂದನ್ನು ನೋಡುವ, ಮುಂದಿನ ಕೆಲಸವನ್ನು ನೆನೆಯದೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಈ ಸ್ಥಿತಿಗೆ ಪ್ರಾಚೀನ ಗ್ರೀಕರು ‘ಸ್ಕೊಲೆ’ ಎಂದು ಹೆಸರಿಟ್ಟಿದ್ದರು. ಬಿಡುವು ಎಂಬುದೇ ಅದರ ಅರ್ಥ. ಅವರ ಭಾಷೆಯಲ್ಲಿ ಉದ್ಯೋಗಕ್ಕೆ ಇದ್ದ ಪದವು ‘ಬಿಡುವಿಲ್ಲದಿರುವುದು’ ಎಂಬರ್ಥದ್ದು. ನಾವು ಬಿಡುವನ್ನು ಕೆಲಸವಿಲ್ಲದ ಹೊತ್ತೆಂದು ಅಳೆಯುತ್ತೇವೆ; ಅವರು ಕೆಲಸವನ್ನೇ ಬಿಡುವಿಲ್ಲದ ಹೊತ್ತೆಂದು ಅಳೆದರು. ಬಿಡುವಿಗಾಗಿಯೇ ನಾವು ದುಡಿಯುವುದೆಂದು ಅರಿಸ್ಟಾಟಲ್ ವಾದಿಸಿದ. ಇಂಗ್ಲಿಷಿನ ‘ಸ್ಕೂಲ್’ ಎಂಬ ಪದ ಆ ‘ಸ್ಕೊಲೆ’ಯಿಂದಲೇ ಬಂದದ್ದು, ಈಗಿನ ಮಕ್ಕಳ ಪಾಟೀಚೀಲದ ಭಾರ ಕಂಡರೆ ಯಾರೂ ನಂಬಲಾರರು!

ಸಂತ ತೋಮಾಸ್ ಅಕ್ವಿನಾಸರು ವಿನೋದದ ಸದ್ಗುಣವನ್ನು ವಿವರಿಸುವಾಗ ಒಂದು ಹಳೆಯ ಕಥೆಯನ್ನು ಸ್ಮರಿಸುತ್ತಾರೆ. ಶುಭಸಂದೇಶಕಾರ ಸಂತ ಯೊವಾನ್ನರು ಶಿಷ್ಯರೊಡನೆ ಆಟವಾಡುತ್ತಿದ್ದುದನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಅವರಲ್ಲಿ ಬಿಲ್ಲು ಹಿಡಿದಿದ್ದ ಒಬ್ಬನಿಗೆ ಸಂತರು ಬಾಣ ಬಿಡಲು ಹೇಳಿದರು. ಮತ್ತೆ ಮತ್ತೆ ಬಿಡಿಸಿದರು. ಹೀಗೆಯೇ ಬಿಡುತ್ತಿರಬಲ್ಲೆಯಾ ಎಂದು ಕೇಳಿದಾಗ ಬಿಲ್ಲು ಮುರಿದೀತೆಂದು ಆತ ಉತ್ತರಿಸಿದ. ಮನಸ್ಸಿನ ಗತಿಯೂ ಅದೇ ಎಂಬುದು ಸಂತರ ಸಮಾಧಾನ. ಬಿಲ್ಲಿನ ಹೆದೆಯನ್ನು ಬೇಟೆ ಮುಗಿದಾಗಲೆಲ್ಲ ಸಡಿಲಿಸಬೇಕೇ ಹೊರತು ವರ್ಷಕ್ಕೊಮ್ಮೆ ಗೋವೆಗೆ ಒಯ್ದು ಸಡಿಲಿಸಿದರೆ ಸಾಲದು.

ಈ ವಿವೇಕ ನಮ್ಮ ನಾಡಿಗೆ ಹೊರಗಿನಿಂದ ಬರಬೇಕಾಗಿಲ್ಲ. ರೋಣ–ನರಗುಂದದ ಎರಿಹೊಲವನ್ನೇ ನೋಡಿರಿ. ಹಿಂಗಾರಿನ ಕಡಲೆ, ಜೋಳ ಕಟಾವಾದ ಮೇಲೆ ಆ ಕರಿಮಣ್ಣು ಬೇಸಗೆಯುದ್ದಕ್ಕೂ ಬಾಯಿಬಿಟ್ಟು ಬಿದ್ದಿರುತ್ತದೆ. ನೋಡುವವನಿಗೆ ಅದು ಸೋಮಾರಿ ಭೂಮಿ. ಆದರೆ ಮೇಲಿನ ಹುಡಿಮಣ್ಣು ಆ ಬಿರುಕುಗಳಿಗೆ ಉದುರಿ, ಗಾಳಿ ಆಳಕ್ಕಿಳಿದು, ಮೊದಲ ಮಳೆಯ ನೀರು ಬಿರುಕಿನ ದಾರಿಯಲ್ಲೇ ಒಳಸೇರುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ಮಣ್ಣೆಂದು ಅದಕ್ಕೆ ಹೆಸರು. ಇನ್ನು ಎತ್ತುಗಳ ಮಾತು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗವಿಡಬಾರದೆಂಬ ಕಟ್ಟಳೆಯಿತ್ತು. ಇಂದಿಗೂ ಅದನ್ನು ಮುರಿಯದ ಮನೆತನಗಳುಂಟು. ಬಸವಣ್ಣನ ವಾರವೆಂಬ ಭಕ್ತಿಯಿಂದ ಬಂದ ನಿಯಮವದು. ಬಿತ್ತುವ ಹದ ತಪ್ಪಿಹೋಗುತ್ತಿದ್ದರೂ ಆ ಒಂದು ದಿನ ಪಶುವಿನ ಬೆನ್ನನ್ನು ಯಾರೂ ಮುಟ್ಟುತ್ತಿರಲಿಲ್ಲ. ಎತ್ತು ನಿಂತರೆ ಒಕ್ಕಲಿಗನೂ ಒಂದಿಷ್ಟು ಕುಳಿತುಕೊಳ್ಳುತ್ತಿದ್ದ. ಈಗ ಟ್ರ್ಯಾಕ್ಟರ್ ಬಂದಿದೆ, ಟ್ರ್ಯಾಕ್ಟರಿಗೆ ಸೋಮವಾರವಿಲ್ಲ. ಯಂತ್ರವನ್ನು ನಾವು ದೂಷಿಸುತ್ತಿಲ್ಲ, ಅದು ಅನೇಕರ ಸೊಂಟ ಉಳಿಸಿದೆ. ಆದರೆ ಎತ್ತಿನೊಡನೆ ಒಕ್ಕಲಿಗನ ವಾರದ ಬಿಡುವೂ ಹೊರಟುಹೋದುದನ್ನು ನಾವು ಗಮನಿಸಲೇ ಇಲ್ಲ.

ಸೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆಗಳಂದು ನೆರೆಹೊರೆಯವರು ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದನ್ನು ನಾವೆಲ್ಲ ಕಂಡವರೇ. ನಮ್ಮಲ್ಲಿ ಹಲವರು ಕರೆಯ ಮೇರೆಗೆ ಹೋಗಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಉಂಡೂ ಬಂದಿದ್ದೇವೆ. ಅಲ್ಲಿ ಹೊಸ ಸ್ಥಳವೇನೂ ಇಲ್ಲ. ದಿನವೂ ಬೆವರು ಸುರಿಸುವ ಅದೇ ಹೊಲದಲ್ಲಿ, ಅಂದು ಮಾತ್ರ ದುಡಿಯದೆ ಕುಳಿತು ಉಣ್ಣುತ್ತಾರೆ. ದೂರ ಹೋಗದೆಯೂ ಪ್ರವಾಸ ಸಾಧ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮಡಗಾವಿಯ ಬೀದಿಗಳ ಹೆಸರು ಬಲ್ಲ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ನರಗುಂದದ ಗುಡ್ಡವನ್ನು ಏರಿದ್ದಾರೆ? ಸೂಡಿಯ ಜೋಡು ಕಳಸದ ಗುಡಿಯನ್ನೂ ನಾಗಕುಂಡವನ್ನೂ ಕಂಡಿದ್ದಾರೆ?

ಇಲ್ಲೊಂದು ಆಕ್ಷೇಪ ನಮ್ಮ ಕಿವಿಗೆ ಬಿದ್ದಿದೆ. ಇದೆಲ್ಲ ಪಗಾರ ಎಣಿಸುವವರಿಗೆ ಸರಿ, ಮುಂಗಾರಿನ ಹೆಸರು ಬಿತ್ತುವವನಿಗೂ ಗಜೇಂದ್ರಗಡದ ಮಗ್ಗದ ಮುಂದೆ ಕುಳಿತವನಿಗೂ ಸೂಟಿ ಎಲ್ಲಿಯದು? ಮಾತು ನಿಜ. ಕ್ರಿ.ಶ. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ರವಿವಾರವನ್ನು ವಿಶ್ರಾಂತಿಯ ದಿನವೆಂದು ಸಾರಿದಾಗ ನ್ಯಾಯಾಧೀಶರಿಗೂ ಪಟ್ಟಣಿಗರಿಗೂ ಅದನ್ನು ವಿಧಿಸಿ, ಬಿತ್ತನೆಯ ಹದ ತಪ್ಪೀತೆಂದು ಒಕ್ಕಲಿಗರಿಗೆ ವಿನಾಯಿತಿ ಕೊಟ್ಟ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ರವಿವಾರದ ರಜೆ ದೊರೆತದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ. ನೇಯ್ದಷ್ಟಕ್ಕೇ ಕೂಲಿ ಪಡೆಯುವವನಿಗೆ ಮಗ್ಗ ನಿಂತರೆ ಅಂದಿನ ಆದಾಯವೂ ನಿಂತಂತೆ. ಅಂಥವನಿಗೆ ವಿಶ್ರಾಂತಿಯ ಉಪದೇಶ ಮಾಡುವ ಅಧಿಕಾರ ನಮಗಿಲ್ಲ. ಆದರೂ ಸಂತ ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯದ ಒಂದು ಪ್ರಸಂಗವನ್ನು ಮುಂದಿಡುತ್ತೇವೆ. ಉಣ್ಣಲೂ ಪುರಸೊತ್ತಿಲ್ಲದಿದ್ದ ಪ್ರೇಷಿತರನ್ನು ಪ್ರಭು ಯೇಸು ಏಕಾಂತ ಸ್ಥಳಕ್ಕೆ ಕರೆದೊಯ್ಯುತ್ತಾರೆ. ದೋಣಿ ಆಚೆಯ ದಡ ಮುಟ್ಟುವಷ್ಟರಲ್ಲಿ ಜನ ಅಲ್ಲಿಗೂ ಬಂದು ನೆರೆದಿದ್ದಾರೆ! ಅಂದು ಪ್ರೇಷಿತರಿಗೆ ದಕ್ಕಿದ ರಜೆ ಎಂದರೆ ದೋಣಿಯಲ್ಲಿ ಕುಳಿತಷ್ಟು ಹೊತ್ತು ಮಾತ್ರ. ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚುವ ಅರ್ಧ ತಾಸು, ಮುಸ್ಸಂಜೆ ತ್ರಿಕಾಲ ಪ್ರಾರ್ಥನೆಯ ಗಂಟೆಗೆ ಲಾಳಿ ಕೆಳಗಿಡುವ ಹತ್ತು ನಿಮಿಷ, ಇವು ಆ ದೋಣಿಯಷ್ಟೇ ಕಿರಿದು. ಆ ಹೊತ್ತಿನಲ್ಲಿ ಕೈಗೆ ಮೊಬೈಲ್ ಬಂದರೆ ಮಾತ್ರ ದೋಣಿ ಮುಳುಗಿತೆಂದೇ ಲೆಕ್ಕ.

ಇಷ್ಟನ್ನೂ ಹೇಳಿದ ಮೇಲೆ, ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ ಮಾತನ್ನು ಹೇಳಬೇಕು. ಪ್ರವಾಸದಿಂದ ಬಂದ ಒಬ್ಬ ತಾಯಿಯನ್ನು, ಸೂಟಿ ಹೇಗಿತ್ತಮ್ಮ ಎಂದು ಕೇಳಿದಾಗ ಅವರು ನಗುತ್ತಲೇ ಹೇಳಿದರು: “ಅವರ ಸೂಟಿ ಮುಗೀತ್ರಿ ಫಾದರ್. ನನ್ನ ಸೂಟಿ ಚಾಲೂನ ಆಗಿದ್ದಿಲ್ಲ. ಸಮುದ್ರದ ದಂಡಿ ಮ್ಯಾಲೂ ಯಾರ ಅರಿವಿ ಹಸಿ ಆದ್ವು, ಯಾರು ಉಣ್ಣಲಿಲ್ಲ ಅಂತ ನೋಡಿಕೋತನ ಕುಂತಿದ್ದೆ.” ಮನೆಗೆ ಮರಳಿದ ದಿನ ಗಂಡ ಮಕ್ಕಳು ದಣಿವೆಂದು ಮಲಗಿದರೆ ಆಕೆಯ ಮುಂದೆ ಒಗೆಯುವ ಅರಿವೆಯ ರಾಶಿ, ನೀರು ಬರುವ ಹೊತ್ತು, ಮರುದಿನದ ಶಾಲೆಯ ಡಬ್ಬಿ. ಮನೆಯ ನೆಮ್ಮದಿ ವಾರದೊಳಗೆ ಬತ್ತುವುದೇಕೆಂದು ನಾವು ದೂರದ ದೇಶಗಳ ಅಧ್ಯಯನಗಳಲ್ಲಿ ಹುಡುಕುತ್ತೇವೆ. ಅದನ್ನು ಹೊತ್ತು ತರುವವಳೇ ಬಳಲಿದ್ದರೆ ಅದು ಉಳಿಯುವುದು ಎಂತು?

ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯದಲ್ಲಿ ಸಬ್ಬತ್ ದಿನ ಯಾರು ಯಾರು ದುಡಿಯಬಾರದೆಂಬ ಪಟ್ಟಿಯಿದೆ. ನೀನು, ಮಗ, ಮಗಳು, ಆಳು, ದಾಸಿ, ಎತ್ತು, ಕತ್ತೆ, ಊರಲ್ಲಿರುವ ಪರದೇಶಿ, ಹೀಗೆ ಎಲ್ಲರ ಹೆಸರೂ ಉಂಟು. ಹೆಂಡತಿಯ ಹೆಸರು ಬೇರೆಯಾಗಿಲ್ಲ. ‘ನೀನು’ ಎಂಬುದರಲ್ಲೇ ಅವಳೂ ಸೇರಿದ್ದಾಳೆಂಬುದು ಪಂಡಿತರ ವ್ಯಾಖ್ಯಾನ, ನಮಗೂ ಅದು ಒಪ್ಪಿತ. ಆದರೆ ನಮ್ಮ ಮನೆಗಳಲ್ಲಿ ಆ ಪಟ್ಟಿಯನ್ನು ಅಕ್ಷರಶಃ ಪಾಲಿಸಿದಂತೆ ಕಾಣುತ್ತದೆ: ಎತ್ತಿಗೂ ಬಿಡುವುಂಟು, ಆಕೆಗೆ ಮಾತ್ರ ಇಲ್ಲ. ರವಿವಾರವಂತೂ ಕೋಳಿಸಾರು, ಬಂಧುಗಳು, ಎರಡು ಪಟ್ಟು ಮುಸುರೆ.

ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ. ಪ್ರವಾಸಕ್ಕೆ ಹೊರಡುವಾಗ ನಮ್ಮ ಕಡೆಯ ಬುತ್ತಿಯೆಂದರೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ. ವಾರಗಟ್ಟಲೆ ಕೆಡದ ಊಟ. ರೈಲಿನಲ್ಲಿ ಆ ತಾಯಿ ಕಿಟಕಿಯ ಬಳಿ ಕೈಕಟ್ಟಿ ಕುಳಿತುಕೊಳ್ಳಲು ಸಾಧ್ಯವಾದದ್ದು ಆ ರೊಟ್ಟಿಯ ಪುಣ್ಯದಿಂದ. ಮರಳುಗಾಡಿನಲ್ಲಿ ಇಸ್ರಯೇಲರು ಮನ್ನವನ್ನು ಆರನೆಯ ದಿನ ಎರಡರಷ್ಟು ಕೂಡಿಸಿಟ್ಟುಕೊಂಡದ್ದೂ ಏಳನೆಯ ದಿನ ಯಾರೂ ಹೊರಗೆ ಅಲೆಯಬಾರದೆಂದೇ. ಶನಿವಾರ ಸಂಜೆ ರೊಟ್ಟಿ ಬಡಿದಿಟ್ಟರೆ ರವಿವಾರ ರಾತ್ರಿ ಒಲೆ ಹೊತ್ತಿಸಬೇಕಾಗಿಲ್ಲ. ಆದರೆ ಒಂದು ಎಚ್ಚರ: ರವಿವಾರದ ಬಿಡುವಿಗಾಗಿ ಶನಿವಾರ ಆಕೆಯೊಬ್ಬಳೇ ಇಮ್ಮಡಿ ದುಡಿದರೆ ಫಲವೇನು? ಹಿಟ್ಟು ನಾದಲು, ಹೆಂಚಿನ ಮೇಲಿನ ರೊಟ್ಟಿ ತಿರುವಲು, ಶೇಂಗಾ ಹುರಿದು ಸಿಪ್ಪೆ ಉಜ್ಜಲು ಗಂಡುಮಕ್ಕಳ ಕೈಗೂ ಬರುತ್ತದೆ. ಈ ಕೆಲಸವನ್ನು ಕಳೆದ ವರ್ಷ ನಮ್ಮ ಧರ್ಮಕೇಂದ್ರದ ಇಬ್ಬರು ಹುಡುಗರು ಆರಂಭಿಸಿದ್ದಾರೆ. ಮೊದಲ ವಾರ ರೊಟ್ಟಿಗಳು ಭಾರತದ ನಕಾಶೆಯಂತಿದ್ದವೆಂದು ಅವರ ತಾಯಿ ಹೇಳಿದರು. ರವಿವಾರ ಸಂಜೆ ಅವೇ ರೊಟ್ಟಿಗಳನ್ನು ಕಟ್ಟಿಕೊಂಡು ಮನೆಮಂದಿಯೆಲ್ಲ ಗಜೇಂದ್ರಗಡದ ಗುಡ್ಡದ ಕಡೆ ಹೋಗಿ, ಗಾಳಿಯಂತ್ರಗಳು ತಿರುಗುವುದನ್ನು ನೋಡುತ್ತ ಕತ್ತಲಾಗುವವರೆಗೆ ಕುಳಿತಿದ್ದರಂತೆ.