ಮಾಚಾರಿನ ಹಾಡು ಹೆಲ್ಸಿಂಕಿಗೆ ಹೋಯಿತು, ಊರಿಗೆ ಬಂದದ್ದೆಷ್ಟು?

ಮಡಂತ್ಯಾರಿನಲ್ಲಿ ಬಸ್ಸು ಹತ್ತಿ ಗುರುವಾಯನಕೆರೆ, ಬೆಳ್ತಂಗಡಿ ದಾಟಿ ಉಜಿರೆಯಲ್ಲಿ ಇಳಿದರೆ ಮಾಚಾರು ದೂರವಿಲ್ಲ. ಅಲ್ಲಿಯ ಒಬ್ಬ ಕೃಷಿಕರ ಬಾಯಿಯ ಹಾಡು ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಪುಸ್ತಕವಾಗಿ ಅಚ್ಚಾಗಿದೆ ಎಂದರೆ "ಎಂತ ಮಾರಾಯ್ರೇ, ತಮಾಷೆಯಾ?" ಎಂದು ಕೇಳುವವರೇ ಹೆಚ್ಚು. ತಮಾಷೆಯಲ್ಲ, ನಿಜ ಸಂಗತಿ.

ಆ ಕೃಷಿಕರು ಗೋಪಾಲ ನಾಯ್ಕ. ಸಿರಿ ಆರಾಧನೆಯ ಕೂಟವೊಂದರ ಮುಂದಾಳು. 1990ರ ಡಿಸೆಂಬರ್‌ನಲ್ಲಿ ಅವರು ದಿನಗಟ್ಟಲೆ ಕುಳಿತು ಸಿರಿ ಪಾಡ್ದನವನ್ನು ಹಾಡಿದರು. ಎದುರಿಗೆ ಕ್ಯಾಮರಾ, ಟೇಪ್ ಹಿಡಿದು ಕುಳಿತವರು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ಅವರ ಪತ್ನಿ ಅನ್ನೇಲಿ ಹಾಂಕೊ; ಮಂಗಳೂರು ವಿಶ್ವವಿದ್ಯಾನಿಲಯದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ. ಹಾಡು ಮುಗಿದಾಗ ಲೆಕ್ಕಕ್ಕೆ ಸಿಕ್ಕಿದ ಸಾಲುಗಳು 15,683! ಗ್ರೀಕರ ಇಲಿಯಡ್ ಮಹಾಕಾವ್ಯಕ್ಕೆ ಹೆಚ್ಚುಕಡಿಮೆ ಸಮ. ಬರೆದು, ಅನುವಾದಿಸಿ, ಮುದ್ರಿಸುವಾಗ 1998 ಬಂತು. ಕಾವ್ಯಕ್ಕೆ ಎರಡು ಸಂಪುಟ, ಅದರ ವಿವೇಚನೆಗೆ ಇನ್ನೊಂದು.

ಫಿನ್ಲೆಂಡಿನವರಿಗೆ ಇದರಲ್ಲಿ ಇಷ್ಟು ಆಸಕ್ತಿ ಯಾಕೆ? ಅವರಲ್ಲಿಯೂ ಹಳ್ಳಿಗರ ಹಾಡುಗಳನ್ನು ಆಯ್ದು ಎಲಿಯಾಸ್ ಲೋನ್‌ರೋಟ್ 1835ರಲ್ಲಿ 'ಕಾಲೆವಾಲ' ಪ್ರಕಟಿಸಿದ್ದ. ಜನರ ಬಾಯಿಯ ಹಾಡೇ ಒಂದು ದೇಶಕ್ಕೆ ಗುರುತಾಯಿತು. ಹಾಡಿನ ಬೆಲೆ ಅವರಿಗೆ ಗೊತ್ತುಂಟು.

ಹೊರಗಿನ ಹಣ ಈ ಕಡೆಗೆ ಬಂದದ್ದು ಅದೇ ಮೊದಲಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಜನಪದ ರಂಗಕಲೆಗಳ ಸಂಶೋಧನ ಕೇಂದ್ರಕ್ಕೆ ಅಮೆರಿಕದ ಫೋರ್ಡ್ ಪ್ರತಿಷ್ಠಾನ ನೆರವಾಯಿತು. ಹೆಗ್ಗೋಡಿನ ನೀನಾಸಮ್ ಕೂಡ 1980ರ ದಶಕದಲ್ಲಿ ಅದೇ ಪ್ರತಿಷ್ಠಾನದ ನೆರವಿನಿಂದ ಊರೂರಿಗೆ ಸಿನಿಮಾ, ನಾಟಕ ಕೊಂಡೊಯ್ದಿತು. ಹಣ ಹೊರಗಿನದು, ಕೆಲಸ ಊರಿನದು.

ಹಾಗಾದರೆ ನಮ್ಮ ಯುವಕ ಮಂಡಲಗಳೂ, ಯಕ್ಷಗಾನ ಸಂಘಗಳೂ ವಿದೇಶಕ್ಕೆ ಅರ್ಜಿ ಹಾಕಬಹುದಲ್ಲ? ಹಾಕಬಹುದು. ಆದರೆ ದಾರಿ ಇಕ್ಕಟ್ಟಿನದು. ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆ ಮೊದಲು ಬಂದದ್ದು 1976ರಲ್ಲಿ. 2010ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. 2020ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಹಣ ಮೊದಲು ಇಳಿಯಬೇಕಾದದ್ದು ಹೊಸದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಆಡಳಿತ ಖರ್ಚು ನೂರಕ್ಕೆ 20ನ್ನು ಮೀರುವಂತಿಲ್ಲ. ನೋಂದಣಿ ಬೇಕಾದರೆ ಸಂಘಕ್ಕೆ ಮೂರು ವರ್ಷ ಆಗಿರಬೇಕು, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚಾಗಿರಬೇಕು. ಇಲ್ಲವಾದರೆ ಒಂದೊಂದು ದೇಣಿಗೆಗೂ ಮುಂಚಿತವಾಗಿ ಅನುಮತಿ ಕೇಳಬೇಕು. ದೊಡ್ಡ ಸಂಸ್ಥೆ ಪಡೆದು ಸಣ್ಣ ಸಂಘಕ್ಕೆ ಹಂಚುವ ಹಳೆಯ ದಾರಿಯೂ 2020ರಲ್ಲಿ ಮುಚ್ಚಿತು. ಹಳ್ಳಿಯ ಮೇಳಕ್ಕೆ ಬಿದ್ದ ದೊಡ್ಡ ಪೆಟ್ಟು ಇದುವೇ.

ಒಂದು ಸಮಾಧಾನ ಉಂಟು. ದುಬೈ, ಮಸ್ಕತ್‌ಗಳಲ್ಲಿ ದುಡಿಯುವ ಊರಿನವರು ಭಾರತದ ಪೌರರಾಗಿಯೇ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣ ಕಾಯಿದೆಯ ಲೆಕ್ಕದಲ್ಲಿ ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಮಾತ್ರ ಅದು ವಿದೇಶಿ. ಈ ವ್ಯತ್ಯಾಸ ತಿಳಿಯದೆ ರಶೀದಿ ಹರಿಯುವ ಸಂಘದವರು ಮುಂದೆ ಫಜೀತಿಗೆ ಬಿದ್ದಾರು. ಜಾಗ್ರತೆ!

ಹಣಕ್ಕಿಂತಲೂ ದೊಡ್ಡ ಪ್ರಶ್ನೆ ಬೇರೆ ಉಂಟು. ಹೆಲ್ಸಿಂಕಿಯ ಪುಸ್ತಕದಲ್ಲಿ ತುಳು ಇರುವುದು ರೋಮನ್ ಲಿಪಿಯಲ್ಲಿ, ಜೊತೆಗೆ ಇಂಗ್ಲಿಷು. ಲೋಕದ ಪಂಡಿತರಿಗೆ ಅದು ಅನುಕೂಲ, ಸರಿ. ಆದರೆ ಗದ್ದೆಯಲ್ಲಿ ನೇಜಿ ನೆಡುತ್ತ ಅದೇ ಸಿರಿಯನ್ನು ಹಾಡಿದ ಹೆಂಗಸರ ಮೊಮ್ಮಕ್ಕಳು ಓದುವುದು ಹೇಗೆ? ಗದ್ದೆಗಳು ತೋಟವಾದವು, ರಬ್ಬರ್ ಬಂತು. ಹಾಡಲು ನೇಜಿಯೇ ಇಲ್ಲ. ಗಂಡನ ಅನ್ಯಾಯಕ್ಕೆ ತಲೆಬಾಗದೆ ಸಂಬಂಧ ಹರಿದು ಹೊರಟ ಸಿರಿಯ ಕಥೆ, ಚೆನ್ನೆಮಣೆಯಾಟದಲ್ಲಿ ಜಗಳಾಡಿದ ಅಬ್ಬಗ-ದಾರಗರ ಕಥೆ, ಹೇಳಿಕೊಡುವವರು ಯಾರು?

ಫಿನ್ಲೆಂಡಿನವರು ಒಂದು ಮರ್ಯಾದೆ ತೋರಿಸಿದರು. ಪುಸ್ತಕದ ಹೆಸರಿನಲ್ಲಿಯೇ ಗೋಪಾಲ ನಾಯ್ಕರ ಹೆಸರು ಉಂಟು, ಹಾಡಿದವನು ಅನಾಮಿಕನಾಗಲಿಲ್ಲ. ಮುಂದೆ ಹೊರಗಿನವರು ಯಾರೇ ಕ್ಯಾಮರಾ ಹಿಡಿದು ಬಂದರೂ ಸಂಘದವರು ಮೊದಲೇ ಕೇಳಬೇಕಾದ ಮಾತು ಮೂರು: ಹಾಡಿದವರ ಹೆಸರು ಎಲ್ಲಿ ಬರುತ್ತದೆ? ಅವರ ಪಾಲು ಎಷ್ಟು? ಟೇಪಿನ ಒಂದು ಪ್ರತಿ ಊರಿನಲ್ಲಿ ಉಳಿಯುತ್ತದೆಯೇ?

ಉತ್ತರ ಬರಹದಲ್ಲಿ ಸಿಕ್ಕಿದ ಮೇಲೆ ಹಾಡಿಸಲಿ. ಕೇಳಲು ನಾಚಿಕೆ ಯಾಕೆ? ಹಾಡು ಊರಿನದು.