ಮೊದಲು ಪಟ್ಟಿ, ಆಮೇಲೆ ಯಂತ್ರ

ಸರಕು ತುಂಬಿದ ಪೆಟ್ಟಿಗೆಗೆ ಪಟ್ಟಿ ಸುತ್ತಿ, ಎಳೆದು ಬಿಗಿದು, ತುದಿಗಳನ್ನು ಬೆಸೆದು, ಮಿಕ್ಕಿದ್ದನ್ನು ಕತ್ತರಿಸುವುದು ಸ್ಟ್ರ್ಯಾಪಿಂಗ್ ಯಂತ್ರದ ಕೆಲಸ. ಕೊಳ್ಳಲು ಹೋದವರು ಮೊದಲು ವಿಚಾರಿಸುವುದು ಬೆಲೆ ಮತ್ತು ವೇಗ. ನಿಜಕ್ಕೂ ಮೊದಲು ತೀರ್ಮಾನವಾಗಬೇಕಾದ್ದು ಪಟ್ಟಿ ಯಾವುದೆಂಬುದು. ಒಂದು ಬಗೆಯ ಪಟ್ಟಿಗೆಂದು ಮಾಡಿದ ಯಂತ್ರ ಇನ್ನೊಂದಕ್ಕೆ ಸಾಮಾನ್ಯವಾಗಿ ಒಗ್ಗುವುದಿಲ್ಲ.

ಬಳಕೆಯಲ್ಲಿರುವ ಮುಖ್ಯ ಪಟ್ಟಿಗಳು ಮೂರು. ಪಾಲಿಪ್ರೊಪಿಲೀನ್ ಅಗ್ಗ; ಊದುಬತ್ತಿ, ಬಿಸ್ಕತ್ತು, ಪುಸ್ತಕಗಳ ರಟ್ಟಿನ ಪೆಟ್ಟಿಗೆಗೆ ಅದೇ ಸಾಕು. ಆದರೆ ಬಿಗಿದ ಕೆಲವೇ ಗಂಟೆಗಳಲ್ಲಿ ಅದು ತನ್ನ ಬಿಗಿತದ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಪಟ್ಟಿ ಹಾಗಲ್ಲ. ದಾರಿಯ ಕುಲುಕಾಟಕ್ಕೆ ಸರಕು ಕುಗ್ಗಿದರೆ ಅದರೊಂದಿಗೆ ತಾನೂ ಕುಗ್ಗಿ ಹಿಡಿತ ಉಳಿಸಿಕೊಳ್ಳುತ್ತದೆ. ಟೈಲ್ಸ್, ಇಟ್ಟಿಗೆಯ ಅಟ್ಟಿಗಳಿಗೂ, ಒತ್ತಡ ತೆಗೆದ ಕೂಡಲೇ ಉಬ್ಬಲು ನೋಡುವ 170 ಕಿಲೋ ತೂಕದ ಹತ್ತಿ ಬೇಲ್‌ಗಳಿಗೂ ಅದು ಸರಿಹೊಂದುವುದು ಈ ಗುಣದಿಂದಲೇ. ಉಕ್ಕಿನ ಪಟ್ಟಿ ಎಲ್ಲಕ್ಕಿಂತ ಗಟ್ಟಿಯಾದರೂ ಹಿಗ್ಗುವುದು ತೀರ ಕಡಿಮೆ. ಸರಕು ಕುಗ್ಗಿದರೆ ಸಡಿಲವಾಗಿ ಜೋತುಬೀಳುತ್ತದೆ. ಕತ್ತರಿಸುವಾಗ ಸಿಡಿದು ಗಾಯ ಮಾಡುವ ಅಪಾಯವೂ ಇದೆ. ಬಿಸಿ ಉಕ್ಕಿನ ಸುರುಳಿ, ಚೂಪು ಅಂಚಿನ ಲೋಹಕ್ಕಲ್ಲದೆ ಬೇರೆಡೆ ಅದನ್ನು ಆರಿಸಲು ಕಾರಣ ಕಡಿಮೆ.

ಪಟ್ಟಿ ನಿರ್ಧಾರವಾದ ಮೇಲೆ ದಿನದ ಲೆಕ್ಕ. ಹತ್ತಾರು ಪೆಟ್ಟಿಗೆಗಳಷ್ಟೇ ಇದ್ದರೆ ಕೈಯುಪಕರಣ ಮತ್ತು ಕ್ಲಿಪ್ಪು ಸಾಕು. ನೂರಾರು ಆದಾಗ ಮೇಜಿನಾಕಾರದ ಅರೆಸ್ವಯಂಚಾಲಿತ ಯಂತ್ರ ಬೇಕಾಗುತ್ತದೆ: ಕೆಲಸಗಾರ ಪಟ್ಟಿಯನ್ನು ಸುತ್ತಿ ತುದಿಯನ್ನು ಸೀಳಿನೊಳಗೆ ತೂರಿಸಿದರೆ, ಬಿಗಿದು ಬೆಸೆಯುವ ಕೆಲಸ ಎರಡು-ಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ. ಪೆಟ್ಟಿಗೆಯ ಅಳತೆ ಬದಲಾಗುತ್ತಿದ್ದರೂ ತೊಂದರೆಯಿಲ್ಲ. ಸಣ್ಣ ಉದ್ದಿಮೆಗಳಿಗೆ ಬಹುಪಾಲು ಇದೇ ತಕ್ಕ ಆಯ್ಕೆ. ಪೂರ್ಣ ಸ್ವಯಂಚಾಲಿತ ಯಂತ್ರ ಪೆಟ್ಟಿಗೆಯನ್ನು ಸುತ್ತುವರಿಯುವ ಕಮಾನಿನೊಳಗೆ ತಾನೇ ಪಟ್ಟಿ ಹರಿಸಿ ನಿಮಿಷಕ್ಕೆ 30ಕ್ಕೂ ಹೆಚ್ಚು ಸುತ್ತು ಹಾಕಬಲ್ಲದು. ಆದರೆ ಕಮಾನಿಗಿಂತ ದೊಡ್ಡ ಪೆಟ್ಟಿಗೆ ಅದರಲ್ಲಿ ತೂರದು. ಅಗಲ ಹೆಚ್ಚುಕಡಿಮೆಯಿರುವ, ಬಾಗಿದ ಅಗ್ಗದ ಪಟ್ಟಿ ಹಾಕಿದರೆ ಕಮಾನಿನಲ್ಲಿ ಸಿಕ್ಕಿಕೊಂಡು ಕೆಲಸವೇ ನಿಲ್ಲುತ್ತದೆ. ಯಂತ್ರದಷ್ಟೇ ಪಟ್ಟಿಗೂ ಹಣ ಹಾಕುವ ಮನಸ್ಸಿಲ್ಲದಿದ್ದರೆ ಕಮಾನಿನ ಯಂತ್ರ ಕೊಳ್ಳದಿರುವುದೇ ಮೇಲು.

ಬೆಸುಗೆಯನ್ನೂ ಗಮನಿಸಬೇಕು. ಮೇಜಿನ ಯಂತ್ರಗಳಲ್ಲಿ ಕಾದ ತಗಡು ಪಟ್ಟಿಯ ಎರಡು ಮುಖಗಳನ್ನು ಕರಗಿಸಿ ಅಂಟಿಸುತ್ತದೆ. ಕಾವು ಕಡಿಮೆಯಾದರೆ ಬೆಸುಗೆ ಬಿಡುತ್ತದೆ, ಹೆಚ್ಚಾದರೆ ಪಟ್ಟಿ ತೆಳುವಾಗುತ್ತದೆ. ಪಾಲಿಯೆಸ್ಟರಿಗೆ ತುದಿಗಳನ್ನು ವೇಗವಾಗಿ ಉಜ್ಜಿ ಬೆಸೆಯುವ ವಿಧಾನವೇ ಹೆಚ್ಚು ಬಳಕೆಯಲ್ಲಿದೆ. ಬ್ಯಾಟರಿಯ ಕೈಯುಪಕರಣಗಳೂ ಹೀಗೆಯೇ ಬೆಸೆಯುತ್ತವೆ.

ಯಂತ್ರ ನಿಲ್ಲುವ ಜಾಗವೂ ಮುಖ್ಯ. ಮಲ್ಪೆ, ಮಂಗಳೂರಿನಂಥ ಕಡೆ ಮೀನು ಸಂಸ್ಕರಿಸುವ ಘಟಕಗಳಲ್ಲಿ ಉಪ್ಪುನೀರು ಮೇಲಿಂದ ತೊಟ್ಟಿಕ್ಕಿದರೆ ಮೇಜಿನಡಿಯ ಬೆಸುಗೆ ಭಾಗ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿಗೆ ಪಕ್ಕದಲ್ಲಿ ಬೆಸೆಯುವ, ಸ್ಟೇನ್‌ಲೆಸ್ ಸ್ಟೀಲಿನ ಯಂತ್ರವೇ ಸರಿ. ಎಲ್ಲಿಯೇ ಆದರೂ ಹಣ ಕೊಡುವ ಮುನ್ನ ಸ್ವಂತ ಪೆಟ್ಟಿಗೆಗಳನ್ನೇ ಒಯ್ದು ಕಟ್ಟಿಸಿ ನೋಡಬೇಕು: ಮೂಲೆ ಜಜ್ಜಿಹೋಗದಷ್ಟು ಕಡಿಮೆ ಬಿಗಿತಕ್ಕೆ ಯಂತ್ರ ಹೊಂದಿಕೊಳ್ಳುತ್ತದೆಯೇ, ಮರುದಿನವೂ ಪಟ್ಟಿ ಸಡಿಲಗೊಳ್ಳದೆ ನಿಂತಿದೆಯೇ, ತಗಡು, ಬ್ಲೇಡಿನಂಥ ಸವೆಯುವ ಭಾಗಗಳು ಹತ್ತಿರದ ಊರಿನಲ್ಲಿ ಸಿಗುತ್ತವೆಯೇ ಎಂದು.